ನೀರಿನ ಕೊಳೆ ಕಲ್ಲಿಗೆ. ಕಲ್ಲಿನ ಹೊಣೆ ಯಾರಿಗೆ?



ಕಳೆದ ಶ್ರಾವಣ ಮಾಸದಲ್ಲಿ ಪ್ರವಚನದ ನಿಮಿತ್ತ ಬೊಮ್ಮಸಂದ್ರಕ್ಕೆ ಹೋಗುವ ಪ್ರಸಂಗ ನಮಗೆ ಒದಗಿತ್ತು. ಒಂದು ಕಾಲಕ್ಕೆ ಆನೇಕಲ್ ತಾಲ್ಲೂಕಿನ ರಾಗಿ ಹೊಲಗಳ ನಡುವೆ ಇದ್ದ ಈ ಊರು ಇಂದು ಹೊಸೂರು ರಸ್ತೆಯ ಎರಡೂ ಬದಿಗೆ ಕಾರ್ಖಾನೆ, ಆಸ್ಪತ್ರೆ, ಔಷಧ ತಯಾರಿಕೆಯ ಘಟಕಗಳಿಂದ ತುಂಬಿಹೋಗಿದೆ. 2025ರ ಆಗಸ್ಟಿನಿಂದ ಮೆಟ್ರೊ ರೈಲೂ ಅಲ್ಲಿಯವರೆಗೆ ಓಡುತ್ತಿದೆ. ಉತ್ತರ ಕರ್ನಾಟಕದಿಂದ ದುಡಿಮೆಗೆಂದು ಬಂದು ನೆಲೆಸಿದ ನಮ್ಮ ಸಮಾಜದ ಕುಟುಂಬಗಳು ಅಲ್ಲಿ ಸಾಕಷ್ಟಿವೆ. ಬಸವನ ಬಾಗೇವಾಡಿ ಸೀಮೆಯಿಂದ ಬಂದ ಅಂಥ ಒಬ್ಬ ಸದ್ಭಕ್ತರ ಮನೆಯಲ್ಲಿ ಅಂದು ಇಷ್ಟಲಿಂಗ ಪೂಜೆ, ಪ್ರಸಾದಗಳು ನೆರವೇರಿದವು.

ಪೂಜೆಗೆ ತಂದಿಟ್ಟ ಅಗ್ಘವಣಿ ಬಹಳ ಹಗುರವಾಗಿ, ಸವಿಯಾಗಿ ಇತ್ತು. ಬೋರ್‌ವೆಲ್ ನೀರು ಅಲ್ಲಿ ಸವಳು ಎಂದು ಕೇಳಿದ್ದ ನಾವು ಅಚ್ಚರಿಪಟ್ಟೆವು. ಮನೆಯ ಮೊಮ್ಮಗ, ಎಂಜಿನಿಯರಿಂಗ್ ಓದುತ್ತಿರುವ ಹುಡುಗ, ನಮ್ಮನ್ನು ಮಾಳಿಗೆಗೆ ಕರೆದೊಯ್ದು ನೀರು ಮೆದುಗೊಳಿಸುವ ಯಂತ್ರವನ್ನು ತೋರಿಸಿದನು. ಆಳೆತ್ತರದ ಒಂದು ಕೊಳವೆ. ಅದರೊಳಗೆ ಸಾಸಿವೆ ಕಾಳಿನಂತಹ ಮಣಿಗಳು. ಪಕ್ಕದಲ್ಲಿ ಉಪ್ಪಿನ ಚೀಲ. ಅವನು ಹೇಳಿದನು: “ಅಣುವಿದ್ಯುತ್ ಸ್ಥಾವರಗಳ ವಿಕಿರಣದ ನೀರನ್ನೂ ಇದೇ ಉಪಾಯದಿಂದ ತೊಳೆಯುತ್ತಾರೆ ಗುರುಗಳೆ. ಅಲ್ಲಿ ಮಣಿಗಳ ಬದಲು ಒಂದು ಬಗೆಯ ಕಲ್ಲಿನ ಪುಡಿಯನ್ನೂ ಹಾಕುತ್ತಾರೆ. ಕಲ್ಲು ವಿಕಿರಣವನ್ನು ಹಿಡಿದುಕೊಳ್ಳುತ್ತದೆ, ನೀರು ಶುದ್ಧವಾಗುತ್ತದೆ.”

ಮೆಟ್ಟಿಲ ಮೇಲೆ ಕುಳಿತು ಕೇಳುತ್ತಿದ್ದ ಅಜ್ಜಿ ಒಂದು ಮಾತು ಕೇಳಿದರು: “ನೀರಾಗಿನ ಹೊಲಸು ಕಲ್ಲಿಗೆ ಹತ್ತಿತು, ಖರೆ. ಆ ಕಲ್ಲು ಎಲ್ಲಿ ಒಗಿತಾರ್ರೀ ಗುರುಗಳ?”

ಹುಡುಗ ಸುಮ್ಮನಾದನು. ಅವನ ತಂದೆ, ಮನೆಯ ಯಜಮಾನರು, ತಲೆ ತಗ್ಗಿಸಿದರು. ಅವರೇಕೆ ತಲೆ ತಗ್ಗಿಸಿದರೆಂಬುದನ್ನು ಮುಂದೆ ಹೇಳುವೆವು. ಆ ತಾಯಿಯ ಪ್ರಶ್ನೆ ಮಾತ್ರ ನಮ್ಮ ಬೆನ್ನು ಬಿಡಲಿಲ್ಲ. ವಿಜ್ಞಾನವು ನಮ್ಮ ಅಭ್ಯಾಸದ ವಿಷಯವಲ್ಲ. ಬಲ್ಲವರನ್ನು ಕೇಳಿ, ಓದಿ ತಿಳಿದುದನ್ನು ಈ ತಿಂಗಳ ಅಂಕಣದಲ್ಲಿ ತಮ್ಮ ಮುಂದೆ ಇರಿಸುತ್ತಿದ್ದೇವೆ.

ನಮ್ಮ ನಾಡಿನ ಅಣುವಿದ್ಯುತ್ ಸ್ಥಾವರ ಇರುವುದು ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ, ಕಾಳಿ ನದಿಯ ದಡದಲ್ಲಿ, ಕದ್ರಾ ಜಲಾಶಯದ ಮಗ್ಗುಲಿಗೆ. ಅಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿವೆ. ಮೊದಲ ಎರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆಗೆ ತೊಡಗಿದವು. ಮೊದಲನೆಯ ಘಟಕವು ಎಲ್ಲಿಯೂ ನಿಲ್ಲದೆ 962 ದಿನ ಓಡಿ, 2018ರ ಡಿಸೆಂಬರ್ ಕೊನೆಯ ದಿನ ವಿಶ್ರಾಂತಿ ಪಡೆದಾಗ ಅದು ಜಗತ್ತಿನ ದಾಖಲೆಯೇ ಆಗಿತ್ತು. ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳಿಗೆ ಕೇಂದ್ರ ಸರ್ಕಾರವು 2017ರಲ್ಲಿ ಒಪ್ಪಿಗೆಯನ್ನಿತ್ತಿದೆ. ನಮ್ಮ ಮನೆಗಳ ದೀಪದಲ್ಲಿ ಕೈಗಾದ ಪಾಲೂ ಉಂಟೆಂಬುದನ್ನು ಮರೆಯಲಾಗದು.

ಯುರೇನಿಯಂ ಪರಮಾಣು ಒಡೆದಾಗ ಶಾಖದೊಂದಿಗೆ ಒಡೆದ ಚೂರುಗಳೂ ಹುಟ್ಟುತ್ತವೆ. ಅವುಗಳಲ್ಲಿ ಬಹುಕಾಲ ಬಾಧಿಸುವ ಎರಡು ಹೆಸರುಗಳನ್ನು ನೆನಪಿಡಬೇಕು: ಸೀಸಿಯಂ 137 ಮತ್ತು ಸ್ಟ್ರಾಂಷಿಯಂ 90. ದೇಹವು ಸೀಸಿಯಮ್ಮನ್ನು ಪೊಟ್ಯಾಸಿಯಂ ಎಂದು ಬಗೆದು ಮಾಂಸಖಂಡಗಳಿಗೆ ಒಯ್ಯುತ್ತದೆ. ಸ್ಟ್ರಾಂಷಿಯಮ್ಮನ್ನು ಸುಣ್ಣವೆಂದು ಬಗೆದು ಎಲುಬಿನಲ್ಲಿ ಕೂಡಿಡುತ್ತದೆ. ಇಂಧನವು ಭದ್ರವಾದ ಕವಚದೊಳಗೆ ಇರುವವರೆಗೆ ಇವು ಹೊರಗೆ ಬಾರವು. ಆದರೆ ಕವಚದಲ್ಲಿ ಸೂಕ್ಷ್ಮ ಬಿರುಕು ಬಿದ್ದರೆ, ಉರಿದ ಇಂಧನವನ್ನು ನೀರಿನ ಕೊಳದಲ್ಲಿ ಬಹುಕಾಲ ಇಟ್ಟರೆ, ಅಥವಾ ಉಪಕರಣಗಳನ್ನು ತೊಳೆದರೆ, ಅಷ್ಟಿಷ್ಟು ನೀರಿಗೆ ಇಳಿಯುತ್ತವೆ.

ಇಳಿದ ಮೇಲೆ ಸಾಮಾನ್ಯ ಉಪಾಯಗಳು ನಡೆಯವು. ಸಕ್ಕರೆ ನೀರನ್ನು ಬಟ್ಟೆಯಲ್ಲಿ ಸೋಸಿದರೆ ಸಿಹಿ ಹೋಗುವುದೇ? ಹಾಗೆಯೇ ಇವು ನೀರಿನಲ್ಲಿ ಕರಗಿರುತ್ತವೆ. ಮರಳಿನ ಸೋಸುಗೆ ಅವುಗಳನ್ನು ತಡೆಯಲಾರದು. ಸುಟ್ಟು ನಾಶಮಾಡೋಣವೆಂದರೆ ಪರಮಾಣುವನ್ನು ಬೆಂಕಿ ಸುಡದು, ಆಮ್ಲ ಕೊಲ್ಲದು. ಅವುಗಳ ಉಗ್ರತೆಯನ್ನು ತಗ್ಗಿಸಬಲ್ಲದ್ದು ಕಾಲವೊಂದೇ. ಆದ್ದರಿಂದ ವಿಜ್ಞಾನಿಗಳು ಹಿಡಿದ ದಾರಿ ಇಷ್ಟೇ: ದೊಡ್ಡ ಪ್ರಮಾಣದ ನೀರಿನಲ್ಲಿ ಚೆದರಿದ್ದನ್ನು ಚಿಕ್ಕ ಪ್ರಮಾಣದ ಘನವಸ್ತುವಿಗೆ ಸಾಗಿಸುವುದು, ಬಳಿಕ ಆ ಘನವಸ್ತುವನ್ನು ಕಾಯುವುದು.

ಹೀಗೆ ಹಿಡಿಯುವ ಸಾಮರ್ಥ್ಯವನ್ನು ನಿಸರ್ಗವು ಕೆಲವು ಖನಿಜಗಳಿಗೆ ಇತ್ತಿದೆ. ಅವುಗಳಲ್ಲಿ ಪ್ರಧಾನವಾದುದು ಜಿಯೊಲೈಟ್. 1756ರಲ್ಲಿ ಸ್ವೀಡನ್ ದೇಶದ ಕ್ರೋನ್‌ಸ್ಟೆಟ್ ಎಂಬ ಖನಿಜತಜ್ಞನು ಒಂದು ಹರಳನ್ನು ಕಾಯಿಸಿದಾಗ ಅದು ಕುದಿಯುವಂತೆ ನೊರೆಗಟ್ಟಿ ಉಗಿ ಬಿಟ್ಟಿತು. ಆದ್ದರಿಂದ ಗ್ರೀಕ್ ಭಾಷೆಯಲ್ಲಿ ‘ಕುದಿಯುವ ಕಲ್ಲು’ ಎಂಬ ಅರ್ಥದ ಈ ಹೆಸರನ್ನು ಅವನು ಇಟ್ಟನು. ಕಲ್ಲಿನೊಳಗೆ ನೀರು ಇದ್ದುದೇ ಆ ಕುದಿತಕ್ಕೆ ಕಾರಣ; ನೀರು ಇರಲು ಕಾರಣ ಕಲ್ಲಿನೊಳಗಿನ ಕಣ್ಣಿಗೆ ಕಾಣದ ಓಣಿಗಳು, ಕೋಣೆಗಳು.

ನಮ್ಮ ವಿಜಯಪುರ, ಕಲಬುರಗಿ, ಬೀದರಗಳವರೆಗೆ ಹಬ್ಬಿರುವ ದಖ್ಖನ್ನಿನ ಕರಿಕಲ್ಲು ಜ್ವಾಲಾಮುಖಿಯ ಲಾವಾರಸ ಆರಿ ಆದುದು. ಇಂತಹ ಕಲ್ಲಿನ ಪೊಟರೆಗಳಲ್ಲಿ ಜಿಯೊಲೈಟಿನ ಹರಳುಗಳು ಬೆಳೆಯುತ್ತವೆ. ಪುಣೆ, ನಾಸಿಕ ಕಡೆಯ ಹರಳುಗಳು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ಹೆಸರಾಗಿವೆ. ಇದನ್ನು ಹೇಳಿದಾಗ ಅಜ್ಜಿಯವರು, ತಮ್ಮ ತವರಿನಲ್ಲಿ ಬಾವಿ ತೋಡುವಾಗ ಕರಿಕಲ್ಲಿನ ಹೊಟ್ಟೆಯಲ್ಲಿ ಬಿಳಿಯ ಹರಳು ಕಂಡುದನ್ನೂ, ಮಕ್ಕಳೆಲ್ಲ ಅದಕ್ಕಾಗಿ ಕಿತ್ತಾಡಿದುದನ್ನೂ ನೆನೆದು ನಕ್ಕರು.

ಈ ಕಲ್ಲು ಕೆಲಸಮಾಡುವ ಬಗೆ ಸೊಗಸಾಗಿದೆ. ಸಿಲಿಕಾನ್, ಅಲ್ಯೂಮಿನಿಯಂ ಮತ್ತು ಆಮ್ಲಜನಕದ ಪರಮಾಣುಗಳು ಕೂಡಿ ಹಂದರ ಕಟ್ಟುತ್ತವೆ. ಅಲ್ಯೂಮಿನಿಯಂ ಇದ್ದಲ್ಲಿ ಒಂದು ಋಣ ವಿದ್ಯುದಂಶ ಉಳಿಯುತ್ತದೆ. ಅದನ್ನು ಸರಿದೂಗಿಸಲು ಸೋಡಿಯಮ್ಮಿನಂತಹ ಧನ ಕಣಗಳು ಆ ಓಣಿಗಳಲ್ಲಿ ಬಂದು ತಂಗಿರುತ್ತವೆ. ಅವು ಛತ್ರದಲ್ಲಿ ತಂಗಿದ ದಾರಿಹೋಕರಂತೆ, ಅಲ್ಲಿಯೇ ಬೇರೂರಿದವರಲ್ಲ. ವಿಕಿರಣದ ನೀರು ಹರಿದು ಬಂದಾಗ ಸೀಸಿಯಂ ಒಳಹೊಕ್ಕು ಸ್ಥಳ ಹಿಡಿಯುತ್ತದೆ, ಸೋಡಿಯಂ ಎದ್ದು ಹೊರಡುತ್ತದೆ. ನೀರಿನಲ್ಲಿ ಕರಗಿದ ಪ್ರತಿಯೊಂದು ಕಣವೂ ಸುತ್ತ ನೀರಿನ ಹೊದಿಕೆ ಹೊದ್ದಿರುತ್ತದೆ. ಸೀಸಿಯಮ್ಮಿನ ಹೊದಿಕೆ ಸಡಿಲ. ಸುಲಭವಾಗಿ ಕಳಚಿ ಇಕ್ಕಟ್ಟಿನ ಕೋಣೆಯಲ್ಲಿ ಸರಿಯಾಗಿ ಕೂಡುತ್ತದೆ. ಆದುದರಿಂದಲೇ ಕಲ್ಲು ಅದನ್ನು ಆರಿಸಿ ಹಿಡಿಯುತ್ತದೆ. ಬೆಂಟೊನೈಟ್, ವರ್ಮಿಕ್ಯುಲೈಟ್ ಮೊದಲಾದ ಜೇಡಿ ಜಾತಿಯ ಖನಿಜಗಳಿಗೂ ಈ ಗುಣವುಂಟು. ಆದರೆ ಸಮುದ್ರದ ನೀರಿನಂತೆ ಉಪ್ಪು ಹೆಚ್ಚಿದ್ದಲ್ಲಿ ಸೋಡಿಯಂ, ಪೊಟ್ಯಾಸಿಯಂ ಕಣಗಳೇ ಗುಂಪುಗುಂಪಾಗಿ ನುಗ್ಗಿ ಸ್ಥಳ ಹಿಡಿಯುವುದರಿಂದ ಕಲ್ಲಿನ ಶಕ್ತಿ ಕುಂದುತ್ತದೆ. ಮಾಳಿಗೆಯ ಯಂತ್ರದ ಮಣಿಗಳಲ್ಲಿ ನಡೆಯುವುದೂ ಇದೇ ವಿನಿಮಯ. ಅಲ್ಲಿ ಸಿಕ್ಕಿಬೀಳುವುದು ನೀರನ್ನು ಗಡಸುಗೊಳಿಸುವ ಕ್ಯಾಲ್ಸಿಯಂ, ಮೆಗ್ನೀಸಿಯಂ. ಕೈಗಾದಂತಹ ಸ್ಥಾವರಗಳಲ್ಲಿಯೂ ನಿತ್ಯದ ನೀರಿನ ಶುದ್ಧಿಗೆ ಇಂತಹ ಮಣಿಗಳನ್ನೇ ಬಳಸುತ್ತಾರೆ.

ಕಲ್ಲಿನ ಈ ಗುಣವನ್ನು ಲೋಕವು ಸಂಕಟದಲ್ಲಿ ಪರೀಕ್ಷಿಸಿದೆ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ ಅವಘಡವಾದಾಗ ಕಟ್ಟಡದ ತಳದಲ್ಲಿ ನಿಂತ ನೀರನ್ನು ಜಿಯೊಲೈಟ್ ತುಂಬಿದ ಪಾತ್ರೆಗಳ ಮೂಲಕ ಹಾಯಿಸಿದರು. ಆ ಪಾತ್ರೆಗಳು ಎಷ್ಟು ಉಗ್ರವಾಗುತ್ತಿದ್ದವೆಂದರೆ ಅವುಗಳನ್ನು ಕೊಳದ ನೀರಿನಲ್ಲಿ ಮುಳುಗಿಸಿಟ್ಟೇ ಕೆಲಸ ನಡೆಸಬೇಕಾಯಿತು. ಇಂಗ್ಲೆಂಡಿನ ಸೆಲ್ಲಾಫೀಲ್ಡ್‌ನಲ್ಲಿ 1985ರಿಂದ ಕ್ಲಿನೊಪ್ಟಿಲೊಲೈಟ್ ಎಂಬ ನೈಸರ್ಗಿಕ ಜಿಯೊಲೈಟನ್ನು ಬಳಸಲಾರಂಭಿಸಿದ ಮೇಲೆ ಐರಿಷ್ ಸಮುದ್ರಕ್ಕೆ ಸೇರುತ್ತಿದ್ದ ಸೀಸಿಯಂ ಬಹುಮಟ್ಟಿಗೆ ತಗ್ಗಿತು.

ಇನ್ನು ಜಪಾನಿನ ಫುಕುಶಿಮಾ. 2011ರ ಮಾರ್ಚಿನಲ್ಲಿ ಭೂಕಂಪ, ಸುನಾಮಿಗಳಿಂದ ಅಲ್ಲಿನ ಸ್ಥಾವರ ಕೆಟ್ಟಿತು. ಕಾದ ಇಂಧನವನ್ನು ತಣಿಸಲು ಸುರಿದ ನೀರೆಲ್ಲ ವಿಕಿರಣದಿಂದ ತುಂಬಿ ಕಟ್ಟಡಗಳ ತಳದಲ್ಲಿ ನಿಂತಿತು. ಅದೇ ವರ್ಷದ ಜೂನಿನಿಂದ ಜಿಯೊಲೈಟ್ ಪಾತ್ರೆಗಳ ಮೂಲಕ ಶುದ್ಧಿಕಾರ್ಯ ಮೊದಲಾಯಿತು. ಆಗ ಇನ್ನೊಂದು ತುರ್ತಿನ ಉಪಾಯವನ್ನೂ ಮಾಡಿದ್ದರು. ಎರಡು ಕಟ್ಟಡಗಳ ನೆಲಮಾಳಿಗೆಯಲ್ಲಿ ಜಿಯೊಲೈಟ್ ತುಂಬಿದ ಚೀಲಗಳನ್ನು ಸಾಲಾಗಿ ಇರಿಸಿ, ಅಲ್ಲಿಗೆ ನೀರು ಬಿಟ್ಟರು. ಚೀಲಗಳು ತಮ್ಮ ಕರ್ತವ್ಯವನ್ನು ಚೆನ್ನಾಗಿಯೇ ಮಾಡಿದವು, ಸೀಸಿಯಮ್ಮನ್ನು ಹೀರಿಕೊಂಡವು. ಹೀರಿಕೊಂಡ ಮೇಲೆ ಅವೇ ಉಗ್ರವಾದವು. ಮನುಷ್ಯನು ಬಳಿ ಹೋಗುವಂತಿಲ್ಲ. ಹಾಕುವಾಗ ಕೈಯಿಂದ ಹಾಕಿದ ಚೀಲಗಳನ್ನು ತೆಗೆಯಲು ಹತ್ತು ವರ್ಷಗಳು ಕಳೆದ ಮೇಲೆ ಯಂತ್ರಮಾನವರನ್ನು ಸಿದ್ಧಪಡಿಸಬೇಕಾಯಿತು.

ಅಜ್ಜಿಯವರ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮಗೆ ದೊರೆಯಲಿಲ್ಲ. ಹೊಲಸು ಎಲ್ಲಿಯೂ ಹೋಗಲಿಲ್ಲ. ಕಲ್ಲಿನಲ್ಲಿ ಕುಳಿತು ಕಾಯುತ್ತಿತ್ತು.

ಕಲ್ಲಿಗೆ ಇನ್ನೊಂದು ಮಿತಿಯೂ ಉಂಟು. ಟ್ರಿಟಿಯಂ ಎಂಬುದು ಜಲಜನಕದ ವಿಕಿರಣಶೀಲ ರೂಪ. ಅದು ನೀರಿನಲ್ಲಿ ಕರಗಿರುವುದಿಲ್ಲ, ನೀರೇ ಆಗಿರುತ್ತದೆ. ನೀರನ್ನು ಸೋಸುವ ಕಲ್ಲು ನೀರನ್ನೇ ಹೇಗೆ ತಡೆಯಬೇಕು? ಫುಕುಶಿಮಾದಲ್ಲಿ ಹಂತಹಂತವಾಗಿ ಶುದ್ಧಗೊಳಿಸಿದ 13 ಲಕ್ಷ ಟನ್ನಿಗೂ ಹೆಚ್ಚು ನೀರು ಸಾವಿರಕ್ಕೂ ಮಿಕ್ಕಿದ ತೊಟ್ಟಿಗಳಲ್ಲಿ ಸಂಗ್ರಹವಾದುದಕ್ಕೆ ಮುಖ್ಯ ಕಾರಣ ಈ ಟ್ರಿಟಿಯಮ್ಮೇ. 2023ರ ಆಗಸ್ಟ್ 24ರಿಂದ ಅದನ್ನು ಸಮುದ್ರದ ನೀರಿನೊಂದಿಗೆ ಬೆರೆಸಿ, ಪ್ರಮಾಣವನ್ನು ಅಳೆದು, ಸಮುದ್ರಕ್ಕೆ ಬಿಡುತ್ತಿದ್ದಾರೆ.

ಈ ಟ್ರಿಟಿಯಂ ನಮಗೆ ದೂರದ ಮಾತಲ್ಲ. ಕೈಗಾದ ಘಟಕಗಳು ಭಾರಜಲವನ್ನು ಬಳಸುವಂಥವು. ಭಾರಜಲದಲ್ಲಿ ಟ್ರಿಟಿಯಂ ಹುಟ್ಟಿಯೇ ತೀರುತ್ತದೆ. 2009ರ ನವೆಂಬರಿನಲ್ಲಿ ಕೈಗಾದ ಆವರಣದ ಒಂದು ಕುಡಿಯುವ ನೀರಿನ ತಂಪು ಯಂತ್ರದಲ್ಲಿ ಟ್ರಿಟಿಯಂ ಸೇರಿದ್ದು ಪತ್ತೆಯಾಯಿತು. ಐವತ್ತಕ್ಕೂ ಹೆಚ್ಚು ಕೆಲಸಗಾರರ ದೇಹಕ್ಕೆ ಅದು ಹೋಗಿತ್ತು. ಒಳಗಿನವರೇ ಯಾರೋ ಬೇಕೆಂದು ಬೆರೆಸಿದ್ದಾರೆಂದು ಅಂದಿನ ಅಧಿಕಾರಿಗಳು ಹೇಳಿದರು. ದೇಹದಿಂದ ಅದು ಮೂತ್ರದ ಮೂಲಕ ಹೊರಹೋಗುವುದರಿಂದ ಅವರಿಗೆ ತಕ್ಕ ಚಿಕಿತ್ಸೆ ನೀಡಲಾಯಿತು. ಅದು ಪತ್ತೆಯಾದುದು ಕೆಲಸಗಾರರ ಮೂತ್ರವನ್ನು ಪರೀಕ್ಷಿಸುವ ಕ್ರಮ ಇದ್ದುದರಿಂದ. ಕೈಗಾದಲ್ಲಿ ಪರಿಸರ ಸಮೀಕ್ಷಾ ಪ್ರಯೋಗಾಲಯವಿದೆ. ಸುತ್ತಲಿನ ನೀರು, ಮಣ್ಣು, ಆಹಾರ ಪದಾರ್ಥಗಳ ಮಾದರಿಗಳನ್ನು ಅಲ್ಲಿ ಪರೀಕ್ಷಿಸುತ್ತಾರೆ. ಕಲ್ಲು ಕಾಯಲಾರದ ಕಡೆ ಮನುಷ್ಯರ ಎಚ್ಚರವೇ ಕಾಯಬೇಕೆಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ಹಿಡಿದ ಕಲ್ಲನ್ನು ಏನು ಮಾಡುತ್ತಾರೆ? ನಮ್ಮ ದೇಶದಲ್ಲಿ ಬಳಸಿ ಮುಗಿದ ಇಂತಹ ಮಣಿ, ಖನಿಜಗಳನ್ನು ಸಿಮೆಂಟು ಮೊದಲಾದವುಗಳಲ್ಲಿ ಬೆರೆಸಿ ಗಟ್ಟಿಗೊಳಿಸಿ, ಸ್ಥಾವರದ ಆವರಣದಲ್ಲಿಯೇ ಕಾಂಕ್ರೀಟಿನ ಕಂದಕಗಳಲ್ಲಿ ಇರಿಸಿ ಕಾವಲು ಕಾಯುತ್ತಾರೆ. ಉರಿದ ಇಂಧನದಿಂದ ಬರುವ ಅತ್ಯುಗ್ರ ದ್ರವತ್ಯಾಜ್ಯವನ್ನು ತಾರಾಪುರ, ಟ್ರಾಂಬೆ, ಕಲ್ಪಾಕ್ಕಂಗಳಲ್ಲಿ ಗಾಜಿನೊಳಗೆ ಕರಗಿಸಿ ಬಂಧಿಸುತ್ತಾರೆ. ಟ್ರಾಂಬೆಯ ಭಾಭಾ ಪರಮಾಣು ಸಂಶೋಧನ ಕೇಂದ್ರದವರು ಅಂತಹ ತ್ಯಾಜ್ಯದಿಂದಲೇ ಸೀಸಿಯಮ್ಮನ್ನು ಬೇರ್ಪಡಿಸಿ, ಗಾಜಿನ ಕಡ್ಡಿಗಳಾಗಿ ಮಾಡಿ, ರೋಗಿಗಳಿಗೆ ಕೊಡುವ ರಕ್ತವನ್ನು ಸಂಸ್ಕರಿಸುವ ಯಂತ್ರಗಳಿಗೆ ಒದಗಿಸಿದ್ದಾರೆ. ತ್ಯಾಜ್ಯವನ್ನೂ ಸೇವೆಗೆ ಹಚ್ಚಿದ ಈ ಕಾಯಕ ಮೆಚ್ಚತಕ್ಕದ್ದು.

ಉಳಿದುದನ್ನು ಎಷ್ಟು ಕಾಲ ಕಾಯಬೇಕು? ಸೀಸಿಯಂ 30 ವರ್ಷಗಳಿಗೊಮ್ಮೆ ಅರ್ಧವಾಗುತ್ತದೆ. 60 ವರ್ಷಕ್ಕೆ ಕಾಲು ಭಾಗ; 300 ವರ್ಷಕ್ಕೆ ಸಾವಿರದಲ್ಲೊಂದು ಭಾಗ. ಮುನ್ನೂರು ವರ್ಷಗಳ ಹಿಂದೆ ನಮ್ಮ ನಾಡಿನಲ್ಲಿ ಕೆಳದಿಯ ಅರಸರು ಆಳುತ್ತಿದ್ದರು. ಅಂದು ಯಾರೋ ಮುಚ್ಚಿಟ್ಟ ಪೆಟ್ಟಿಗೆಯೊಂದನ್ನು ಇಂದು ನಾವು ತೆರೆಯದೆ ಕಾಯುತ್ತಿರಬೇಕಾಗಿದ್ದರೆ ಹೇಗೋ, ಇಂದಿನ ಕಲ್ಲನ್ನು ಮುಂದಿನವರು ಹಾಗೆ ಕಾಯಬೇಕು.

ತಲೆಮಾರುಗಳ ಕಾವಲು ನಮ್ಮ ಸಮಾಜಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹುಟ್ಟಿದ ವಚನಗಳು ನಮಗೆ ದೊರೆತುದು ಹೇಗೆ? ಮಠಗಳಲ್ಲಿ, ಬಡ ಭಕ್ತರ ಮನೆಯ ಜಗುಲಿಗಳಲ್ಲಿ ತಾಳೆಗರಿಯ ಕಟ್ಟುಗಳನ್ನು ಹೊಗೆ, ಹುಳು, ಮಳೆಗಳಿಂದ ಕಾಯ್ದವರು ಇದ್ದರು. ಓದಲು ಬಾರದವರೂ ಕಾಯ್ದರು. ಆ ಕಟ್ಟುಗಳನ್ನು ಅರಸಿ ಊರೂರು ತಿರುಗಿದ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸುವಂತಾಯಿತು. ಅಮೃತವನ್ನು ಕಾಯ್ದ ಹಿರಿಯರ ಮಕ್ಕಳು ನಾವು. ನಮ್ಮ ಸುಖಕ್ಕಾಗಿ ಹುಟ್ಟಿದ ವಿಷವನ್ನು ಕಾಯುವ ಹೊಣೆ ಬಂದಾಗ ಮುಖ ತಿರುಗಿಸಬಹುದೇ?

ಈಗ ಬೊಮ್ಮಸಂದ್ರದ ಯಜಮಾನರ ಮಾತಿಗೆ ಬರುತ್ತೇವೆ. ಅಂದು ಸಂಜೆ ನಮ್ಮನ್ನು ಬೀಳ್ಕೊಡಲು ಬಂದವರು ರಸ್ತೆಯಲ್ಲಿ ನಿಂತು ಮನಸ್ಸು ತೆರೆದರು. ಅವರದು ಲೋಹಕ್ಕೆ ಮೆರುಗು ಲೇಪಿಸುವ ಸಣ್ಣದೊಂದು ಪ್ಲೇಟಿಂಗ್ ಶೆಡ್ಡು. ಹತ್ತು ಜನರಿಗೆ ಅನ್ನ ಕೊಡುತ್ತದೆ. ಅಲ್ಲಿಯ ತೊಳೆದ ನೀರಿನಲ್ಲಿ ವಿಕಿರಣವೇನೂ ಇಲ್ಲ. ಆದರೆ ಕ್ರೋಮಿಯಂ, ನಿಕ್ಕಲ್ ಇವೆ. ಸುಣ್ಣ ಹಾಕಿ, ಲೋಹವನ್ನು ಕೆಸರಾಗಿ ತಳಕ್ಕೆ ಇಳಿಸಿ, ನೀರನ್ನು ನಿಯಮದಂತೆ ಶುದ್ಧಗೊಳಿಸಿಯೇ ಬಿಡುತ್ತಾರೆ. “ನೀರಿನ ಪರೀಕ್ಷೆಯ ಕಾಗದ ಎಲ್ಲ ಸರಿಯಾಗಿ ಇವೆ ಗುರುಗಳೆ. ಕೆಸರಿನ ಚೀಲ ಮಾತ್ರ ತಿಂಗಳಿಗೊಮ್ಮೆ ಟ್ರ್ಯಾಕ್ಟರಿನವನೊಬ್ಬ ಒಯ್ಯುತ್ತಾನೆ. ಎಲ್ಲಿಗೆ ಎಂದು ಹನ್ನೊಂದು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಅವ್ವ ಕೇಳಿದ್ದು ಕಲ್ಲಿನ ಮಾತು. ನನಗೆ ನೆನಪಾದದ್ದು ಆ ಚೀಲ.”

ನಾವು ಅವರನ್ನು ನಿಂದಿಸಲಿಲ್ಲ. ಬೊಮ್ಮಸಂದ್ರದ ನೆರೆಯಲ್ಲಿಯೇ ಚಂದಾಪುರದ ಕೆರೆ ಇದೆ. ಕಾರ್ಖಾನೆಗಳ, ಊರುಗಳ ಕೊಳೆನೀರು ಸೇರಿ ಕೆಟ್ಟ ಆ ಕೆರೆಯನ್ನು ಕಾಪಾಡದ ತಪ್ಪಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2022ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರಕ್ಕೆ 500 ಕೋಟಿ ರೂಪಾಯಿ ಪರಿಹಾರದ ಹೊರೆ ವಿಧಿಸಿತು. ಕೆರೆಯನ್ನು ಕೆಡಿಸಿದವನು ಯಾವನೋ ಒಬ್ಬ ದುಷ್ಟನಲ್ಲ. ‘ಎಲ್ಲಿಗೆ’ ಎಂದು ಕೇಳದೆ ಉಳಿದ ನೂರಾರು ಮಂದಿ ಸಂಭಾವಿತರ ಪಾಲೂ ಅದರಲ್ಲಿದೆ. ನಾವು ಕೂಡ ಈ ಪಂಕ್ತಿಯ ಹೊರಗಿನವರಲ್ಲ. ಕೆಟ್ಟುಹೋದ ಟ್ಯೂಬ್‌ಲೈಟುಗಳಲ್ಲಿ ಪಾದರಸವಿರುತ್ತದೆಂದು ತಿಳಿದ ಮೇಲೂ ನಮ್ಮ ವಾಸದ ಕೋಣೆಯ ಹಿಂದಿನ ತಿಪ್ಪೆಗೆ ಅವುಗಳನ್ನು ಒಗೆಸಿದ್ದೇವೆ.

ಅಂದು ಹಿಂದಿರುಗುವಾಗ ನಮಗೆ ಮಠದ ಬಾಲ್ಯ ನೆನಪಾಯಿತು. ಪ್ರಸಾದದ ಪಂಕ್ತಿಯಲ್ಲಿ ಕೊನೆಯ ತುತ್ತು ಮುಗಿದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿಯಬೇಕಿತ್ತು. ಎಂಟು ವರ್ಷದ ನಮಗೆ ಅದು ಒಗ್ಗುತ್ತಿರಲಿಲ್ಲ. ಒಂದು ದಿನ ಕಂಬದ ಮರೆಯಲ್ಲಿ ಚೆಲ್ಲಿಬಿಟ್ಟೆವು. ಕಂಡ ಹಿರಿಯ ಗುರುಗಳು ಗದರಲಿಲ್ಲ, “ನೀನು ಚೆಲ್ಲಿದ್ದನ್ನು ಇನ್ನು ಯಾರು ಬಳಿಯಬೇಕು, ಮಗು?” ಎಂದಷ್ಟೇ ಕೇಳಿದರು. ಅಂಗಳ ಬಳಿಯುತ್ತಿದ್ದ ಮುದುಕಿಯೊಬ್ಬಳು ಅಲ್ಲಿಯೇ ನಿಂತಿದ್ದಳು. ಪ್ರಸಾದವನ್ನು ಚೆಲ್ಲಬಾರದೆಂಬ ನಿಯಮವು ಅನ್ನದ ಗೌರವಕ್ಕಾಗಿ ಎಂದೇ ಅದುವರೆಗೆ ತಿಳಿದಿದ್ದೆವು. ನಮ್ಮ ಶೇಷವನ್ನು ಇನ್ನೊಬ್ಬರ ಕೈಗೆ ದಾಟಿಸಬಾರದೆಂಬುದೂ ಅದರೊಳಗೆ ಇದೆಯೆಂದು ಅಂದು ತಿಳಿಯಿತು.

ಪ್ರಸಾದದ ಶೇಷವನ್ನು ಕುಡಿಯಬಹುದು. ಸೀಸಿಯಂ ಹಿಡಿದ ಕಲ್ಲನ್ನಾಗಲಿ, ಕ್ರೋಮಿಯಮ್ಮಿನ ಕೆಸರನ್ನಾಗಲಿ ಕುಡಿಯಲಾಗದು. ಅದಕ್ಕಾಗಿಯೇ ಅವುಗಳ ಲೆಕ್ಕವನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಇಡಬೇಕು. ಸ್ಥಾವರದವರು ಎಷ್ಟು ಹಿಡಿದರು, ಎಲ್ಲಿ ಇಟ್ಟರು, ಎಷ್ಟು ಬಿಟ್ಟರು ಎಂಬುದನ್ನು ಜನತೆ ಕೇಳಬೇಕು, ಅವರು ಹೇಳಬೇಕು. ಕೇಳುವ ಹಕ್ಕು ನಮಗೆ ಪೂರ್ಣವಾಗಿ ಬರುವುದು ನಮ್ಮ ನಮ್ಮ ಚೀಲಗಳ ಲೆಕ್ಕ ಕೊಟ್ಟಾಗ. ಕಾರ್ಖಾನೆ ನಡೆಸುವ ಶರಣರು ಕೆಸರನ್ನು ಮಾನ್ಯತೆ ಪಡೆದ ವಿಲೇವಾರಿ ಕೇಂದ್ರಕ್ಕೇ ಕಳಿಸಿ ರಸೀದಿ ಪಡೆಯಲಿ. ಗೃಹಿಣಿಯರು ಹಳೆಯ ಬ್ಯಾಟರಿ, ಒಡೆದ ಉಷ್ಣಮಾಪಕ, ಟ್ಯೂಬ್‌ಲೈಟುಗಳನ್ನು ಕಸದಲ್ಲಿ ಬೆರೆಸದೆ ಬೇರೆ ಎತ್ತಿಟ್ಟು, ಅವುಗಳನ್ನು ಸಂಗ್ರಹಿಸುವವರಿಗೆ ಒಪ್ಪಿಸಲಿ. ಮಾಳಿಗೆಯ ಯಂತ್ರವನ್ನು ತೊಳೆದ ಉಪ್ಪುನೀರನ್ನು ಗಿಡದ ಬುಡಕ್ಕೂ ಇಂಗುಗುಂಡಿಗೂ ಬಿಡದಿರಲಿ.

ಕಾರ್ತಿಕದಲ್ಲಿ ಯಜಮಾನರಿಂದ ಒಂದು ಪತ್ರ ಬಂದಿತು. ಟ್ರ್ಯಾಕ್ಟರನ್ನು ನಿಲ್ಲಿಸಿದ್ದಾರೆ, ಕೆಸರನ್ನು ಕ್ರಮಬದ್ಧವಾಗಿ ಕಳಿಸಲು ಮೊದಲಿಗಿಂತ ಬಹಳ ಹೆಚ್ಚು ಖರ್ಚಾಗುತ್ತಿದೆ, ಈ ವರ್ಷ ಮನೆಗೆ ಬಣ್ಣ ಬಳಿಸುವುದನ್ನು ಮುಂದಕ್ಕೆ ಹಾಕಿದ್ದಾರೆ. ಹಿಂದೆ ಹೋದ ಚೀಲಗಳು ಎಲ್ಲಿ ಬಿದ್ದಿವೆಯೆಂದು ಟ್ರ್ಯಾಕ್ಟರಿನವನನ್ನು ಕೇಳಿದರೆ ಅವನು ಬಾಯಿ ಬಿಡುತ್ತಿಲ್ಲವಂತೆ. “ಹುಡುಕುತ್ತಿದ್ದೇನೆ” ಎಂದು ಬರೆದಿದ್ದಾರೆ. ಅಜ್ಜಿಯವರು ದಿನವೂ ಕೇಳುತ್ತಾರಂತೆ.